ಸಾತಲಿಂಗಪ್ಪನ ಓಣಿಯಲ್ಲಿ ಬ್ಯಾಂಡು

ಸೋಲಾಪುರದ ಅಮೋಗಸಿದ್ಧನಿಗೆ ಕಿವಿ ಇದ್ದಷ್ಟು ಬುದ್ಧಿ ಇರಲಿಲ್ಲ. ಇದನ್ನು ನಾನು ಅವನೆದುರಿಗೇ ಹೇಳಿದ್ದೇನೆ. ಮಂದ್ರೂಪ ಎಂಬ ಹಳ್ಳಿಯಿಂದ ಬಂದು ಮಿಲ್ಲಿನಲ್ಲಿ ದುಡಿಯುತ್ತಿದ್ದವನು ಮುಂಬೈಗೆ ಹೋಗಿ, ಹೋಟೆಲೊಂದರಲ್ಲಿ ಗೋವಾದ ವಾದ್ಯಗಾರರ ಜೊತೆ ಟ್ರಂಪೆಟ್ ಊದಿದ. ಜಾಝ್, ಫಂಕ್ ಎಂಬ ವಿದೇಶಿ ಸಂಗೀತದ ಹೊಸ ಹುಚ್ಚು ಹತ್ತಿಸಿಕೊಂಡು, ಎಪ್ಪತ್ತೇಳರಲ್ಲಿ ಒಂದು ಎಲೆಕ್ಟ್ರಿಕ್ ಆರ್ಗನ್ನು, ತಾನಾಗಿ ತಾಳ ಹಾಕುವ ಒಂದು ಪೆಟ್ಟಿಗೆ ಸಮೇತ ಊರಿಗೆ ಮರಳಿದ. ಎರಡನ್ನೂ ಕೈಗಾಡಿಯ ಮೇಲೆ ಬ್ಯಾಟರಿಗೆ ಜೋಡಿಸಿ ಮದುವೆಯ ಮೆರವಣಿಗೆಗೆ ಇಳಿಸಿದ. ಜನ ಮೊದಲು ಬಾಯಿ ಬಿಟ್ಟು ನೋಡಿದರು, ಆಮೇಲೆ ಕುಣಿದರು.

ಅವನ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವವನು ಸಾತಲಿಂಗಪ್ಪ, ಅವನ ಬಾಲ್ಯದ ಗೆಳೆಯ. ಕುಣಿಯುವವರ ಕಾಲು ನೋಡಿ ತಾಳ ಎಳೆಯುವವನು, ಬಿಗಿ ಮಾಡುವವನು. ಪೆಟ್ಟಿಗೆಗೆ ಯಾರ ಕಾಲೂ ಕಾಣದು. ಅವನದೂ ಪೆಟ್ಟಿಗೆಯದೂ ಎಣ್ಣೆ ಸೀಗೆಕಾಯಿ ಸಂಬಂಧವಾಯಿತು.

"ಸಾತಲಿಂಗ, ಪೆಟಗಿ ಜೋಡಿ ಹೊಂದ್ಕೊಂಡು ಬಾರಿಸಪಾ," ಎಂದ ಅಮೋಗಸಿದ್ಧ.

"ಅದು ಒಂದ್ ಸಲನಾದ್ರೂ ನನ್ನ ಜೋಡಿ ಹೊಂದ್ಕೊಳ್ಳಲಿ, ನೋಡೂಣು."

"ಹಂಗಾದ್ರ ಸ್ವಲ್ಪ ದಿನ ಮನ್ಯಾಗ ಕುಂದರು."

ಗೆಳೆಯನಿಗೆ ಆಡುವ ಮಾತೇ ಅದು? ಸಾತಲಿಂಗಪ್ಪ ಹೆಂಡತಿ ನೀಲಗಂಗಾಳನ್ನು ಕರೆದುಕೊಂಡು ಅಕ್ಕಲಕೋಟಕ್ಕೆ ಹೋಗಿ, ಕಾಳುಕಡಿಯ ಅಡತಿ ಅಂಗಡಿಯಲ್ಲಿ ಮೂಟೆ ಹೊರುವ ಹಮಾಲಿಗೆ ನಿಂತ.

ವರ್ಷ ತುಂಬುವುದರೊಳಗೆ ಅಮೋಗಸಿದ್ಧನಿಗೆ ಅರಿವಾಯಿತು. ಟ್ರಂಪೆಟ್ ಎಲ್ಲಿ ಉಸಿರು ತೆಗೆದುಕೊಂಡರೂ ಪೆಟ್ಟಿಗೆ ಕಾಯುತ್ತಿರಲಿಲ್ಲ. ಸಾತಲಿಂಗಪ್ಪ ಬೇಕು, ಅವನಿಲ್ಲದೆ ಆಗುವುದಿಲ್ಲ ಎಂದು ನನ್ನೆದುರು ಅತ್ತ. ಅಕ್ಕಲಕೋಟದಲ್ಲೇ ಒಂದು ಮದುವೆ ಸಿಕ್ಕಾಗ ಗೆಳೆಯನಿಗೆ ಹೇಳಿಕಳಿಸಿದ: "ಮೆರವಣಿಗಿ ನಿನ್ನ ಓಣಿ ಮ್ಯಾಲೇ ತರ್ತೀನಿ. ಬಾಗಲಾಗ ಇರು. ಅಲ್ಲಿಂದ ಮುಂದ ನೀನೇ ಬಾರಿಸಬೇಕು." ಗಾಡಿಯ ಮೇಲೆ ಡ್ರಮ್ಮನ್ನೂ ಇಟ್ಟುಕೊಂಡ.

ಮೆರವಣಿಗೆ ಓಣಿಗೆ ತಿರುಗಿದಾಗ ಇಳಿಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಬಾಗಿಲ ಬಳಿ ಗೋಡೆಗೆ ಒರಗಿ ಸಾತಲಿಂಗಪ್ಪ ಕುಳಿತಿದ್ದ. ಕೊರಳಲ್ಲಿ ಹೂವಿನ ಹಾರ, ಸುತ್ತ ಜನ. ತನಗಾಗಿಯೇ ಕಾದಿದ್ದಾನೆಂದು ಅಮೋಗಸಿದ್ಧ ಹಿಗ್ಗಿಹೋದ. ಪೆಟ್ಟಿಗೆಯ ದನಿ ಏರಿಸಲು ಹೇಳಿ, ಹಿಂದೆಂದೂ ಊದದ ಹಾಗೆ ಊದಿದ. ಸತ್ತವರನ್ನು ನಮ್ಮಲ್ಲಿ ಹಾಗೆಯೇ ಕೂರಿಸುತ್ತಾರೆಂಬುದು ಅವನಿಗೆ ತಿಳಿಯದ್ದೇನಲ್ಲ. ಆ ಸಂತೋಷದಲ್ಲಿ ಹೊಳೆಯಲಿಲ್ಲ, ಪಾಪ. ಗದ್ದಲದಲ್ಲಿ ಅಳುವೂ ಕೇಳಲಿಲ್ಲ.

ನೀಲಗಂಗಾ ಎದ್ದು ಗಾಡಿಗೆ ಅಡ್ಡ ಬಂದಳು.

"ಬಂದ್ ಮಾಡ್ರಿ ಅಣ್ಣಾ. ನೀವು ಬರ್ತೀರಂತ ಮುಂಜಾನಿ ಜಳಕಾ ಮಾಡಿ ಹೊಸಾ ಅಂಗಿ ಹಾಕ್ಕೊಂಡಿದ್ರು. ಇಲ್ಲೇ ಬಾಗಲಾಗ ಎದಿ ಹಿಡ್ಕೊಂಡು ಕುಂತ್ರು, ಮತ್ತ ಏಳಲಿಲ್ಲ."

ಸಾವಿನ ಮನೆಯ ಮುಂದೆ ಬ್ಯಾಂಡು ಸುಮ್ಮನಾಗಬೇಕು. ಮದುವೆಯ ಮೆರವಣಿಗೆ ಮಾತ್ರ ನಿಲ್ಲುವಂತಿಲ್ಲ, ಹಿಂದಿರುಗುವಂತೆಯೂ ಇಲ್ಲ. ಸದ್ದಿಲ್ಲದೆ ಓಣಿ ದಾಟಿದರು. ದಾಟುತ್ತಲೇ ವರನ ಸೋದರಮಾವ, "ಹೂಂ, ಬಾರಸ್ರಿ ಇನ್ನ," ಎಂದ. ಅಮೋಗಸಿದ್ಧ ಊದಿದ. ಮಂಟಪದವರೆಗೂ ಊದಿದ. ಅಲ್ಲಿಂದ ಅವನು ಓಡಿ ಬರುವಷ್ಟರಲ್ಲಿ, ಮಣ್ಣು ಕೊಟ್ಟು ಬಂದವರು ಕಾಲು ತೊಳೆಯುತ್ತಿದ್ದರು.