ಉಸಿರಿನ ಹಾಜರಿ

ನನ್ನ ತಂಗಿಯ ಗಂಡನನ್ನು ಎಲ್ಲರೂ ಟವರಣ್ಣ ಎನ್ನುತ್ತಾರೆ. ಊರಾಚೆಯ ಕಾಡಿನಲ್ಲಿ ಸಂಶೋಧನಾ ಕೇಂದ್ರದವರ ನಲವತ್ತೆರಡು ಮೀಟರ್ ಎತ್ತರದ ಕಬ್ಬಿಣದ ಟವರ್ ಇದೆ. ಮರಗಳು ಗಾಳಿಗೆ ಎಷ್ಟು ನೀರಾವಿ ಬಿಡುತ್ತವೆ, ಗಾಳಿಯಿಂದ ಎಷ್ಟು ಇಂಗಾಲ ಎಳೆದುಕೊಳ್ಳುತ್ತವೆ ಎಂಬುದನ್ನು ಅದರ ತುದಿಯ ಯಂತ್ರ ಸೆಕೆಂಡಿಗೆ ಹತ್ತು ಬಾರಿ ಅಳೆಯುತ್ತದೆ. ಬೆಳಿಗ್ಗೆ ಟವರ್ ಹತ್ತಿ, ಯಂತ್ರದ ಗಾಜು ಒರೆಸಿ, ಹೊತ್ತನ್ನು ಪುಸ್ತಕದಲ್ಲಿ ಬರೆಯುವುದು ಹತ್ತೊಂಬತ್ತು ವರ್ಷಗಳಿಂದ ಅವನ ಕೆಲಸ.

ಹೊಸದಾಗಿ ಬಂದ ಅಧಿಕಾರಿಣಿ ಆ ಪುಸ್ತಕ ನೋಡಿ ಹುಬ್ಬೇರಿಸಿದರು. ಒಂದೇ ಶಾಯಿ, ಒಂದು ಚಿತ್ತೂ ಕಾಟೂ ಇಲ್ಲ. ಐವತ್ತೆಂಟರ ಮನುಷ್ಯ ದಿನಾ ಅಷ್ಟೆತ್ತರ ಹತ್ತುತ್ತಾನೆಯೇ? ಮನೆಯಲ್ಲೇ ಕುಳಿತು ವಾರಕ್ಕೊಮ್ಮೆ ಬರೆಯುತ್ತಾನೆಂದು ತೀರ್ಮಾನಿಸಿ, ಹದಿನೈದು ದಿನಗಳಲ್ಲಿ ಸಮಜಾಯಿಷಿ ಕೊಡದಿದ್ದರೆ ವಜಾ ಎಂದು ನೋಟಿಸು ಕೊಟ್ಟರು.

ನನಗೂ ಅನುಮಾನ ಬಂದದ್ದು ನಿಜ. ಮೂವತ್ತೊಂದು ವರ್ಷ ಮಳೆಯ ಅಳತೆ ಬರೆದು ನಿವೃತ್ತನಾದವನು ನಾನು. ತಿದ್ದುಪಡಿಯೇ ಇಲ್ಲದ ಪುಸ್ತಕವನ್ನು ನಂಬುವ ಅಭ್ಯಾಸವಿಲ್ಲ.

"ದಿನಾ ಹತ್ತಿದ್ದಕ್ಕೆ ಸಾಕ್ಷಿ ಯಾರು?" ಎಂದು ಅವನ ಮನೆಗೇ ಹೋಗಿ ಕೇಳಿದೆ.

"ಕಾಗೆಗಳನ್ನ ಕರೆಸಿ ಕೇಳಿ, ಭಾವ."

"ಅಣ್ಣಾ, ಸುಳ್ಳು ಹೇಳೋ ಅಷ್ಟು ಚುರುಕಾಗಿದ್ದಿದ್ರೆ ಇವ್ರು ಇನ್ನೂ ಏಣಿ ಹತ್ತಿಕೊಂಡಿರ್ತಿದ್ರಾ?" ಎಂದು ಒಳಗಿನಿಂದ ತಂಗಿ ಚುಚ್ಚಿದಳು.

"ಗಾಜು ಹೇಗೆ ಒರೆಸ್ತೀಯ?" ಎಂದು ಕೇಳಿದೆ. ಅವನು ಮುಖ ತಿರುಗಿಸಿದ. ನನ್ನ ಸಂಶಯ ಬಲವಾಯಿತು. ಬಹಳ ಒತ್ತಾಯಿಸಿದ ಮೇಲೆ ನನ್ನ ಕನ್ನಡಕ ತೆಗೆದುಕೊಂಡು, 'ಹಾ' ಎಂದು ಬಾಯಿಂದ ಆವಿ ಬಿಟ್ಟು, ಕರವಸ್ತ್ರದಿಂದ ಒರೆಸಿ ತೋರಿಸಿದ.

"ಶುದ್ಧ ನೀರಲ್ಲೇ ಒರೆಸ್ಬೇಕು ಅಂತ ನಿಯಮ. ಬಾಟ್ಲಿ ಹಿಡ್ಕೊಂಡು ಹತ್ತೋಕಾಗಲ್ಲ. ಯಾರಿಗೂ ಹೇಳ್ಬೇಡಿ, ಭಾವ."

ಹೇಳದೆ ಗತಿಯಿರಲಿಲ್ಲ. ಉಸಿರಿನಲ್ಲಿ ಇರುವುದು ಅದೇ ನೀರಾವಿ, ಅದೇ ಇಂಗಾಲ; ಯಂತ್ರ ಅದನ್ನೂ ಅಳೆದಿರಲೇಬೇಕು. ಕೇಂದ್ರಕ್ಕೆ ಹೋಗಿ ಯಂತ್ರದ ಮೂಲ ಅಂಕಿಗಳನ್ನು ಕೇಳಿದೆ.

"ಬೆಳಿಗ್ಗೆ ಒಂದು ಕೆಟ್ಟ ಅಂಕಿ ಬರುತ್ತೆ ಸಾರ್. ಯಂತ್ರದ ದೋಷ ಅಂತ ತೆಗೆದುಹಾಕ್ತೀವಿ," ಎಂದ ಕಂಪ್ಯೂಟರಿನವನು.

ಏಕೆ ಬರುತ್ತದೆಂದು ಒಬ್ಬರೂ ಕೇಳಿರಲಿಲ್ಲ! ಇವರಿಗೆ ಸಂಶೋಧಕರೆಂಬ ಬಿರುದು ಬೇರೆ.

ಹಿಂದಿನ ವರ್ಷದ ಮುನ್ನೂರ ಅರವತ್ತೈದು ದಿನಗಳನ್ನೂ ಅಧಿಕಾರಿಣಿಯ ಮೇಜಿನ ಮೇಲೆಯೇ ಪುಸ್ತಕದೊಡನೆ ಹೋಲಿಸಿದೆ. ಮುನ್ನೂರ ಅರವತ್ತೊಂದು ದಿನ ಆ 'ಕೆಟ್ಟ ಅಂಕಿ' ಇತ್ತು. ಪ್ರತಿಸಲವೂ ಅವನು ಬರೆದ ಹೊತ್ತಿಗಿಂತ ಮೂರು ನಿಮಿಷ ಮೊದಲು. ಅದೇಕೆಂದು ಅವನ ಕೈಗಡಿಯಾರ ತರಿಸಿ ನೋಡಿದೆ. ಮೂರು ನಿಮಿಷ ಮುಂದಿತ್ತು. ಉಳಿದ ನಾಲ್ಕು ದಿನ ಅಂಕಿ ಸರಿಯಾಗಿಯೇ ಇತ್ತು. ಪುಸ್ತಕದಲ್ಲಿ ಆ ನಾಲ್ಕು ದಿನಗಳ ಎದುರು, ಅದೇ ಶಾಯಿಯಲ್ಲಿ: 'ಜ್ವರ. ಬರಲಿಲ್ಲ.'

ಅಧಿಕಾರಿಣಿ ನೋಟಿಸು ಹಿಂತೆಗೆದುಕೊಂಡರು. ಗಾಜಿಗೆ ಊದಿದ್ದಕ್ಕೆ ಎಚ್ಚರಿಕೆ ಪತ್ರವನ್ನೂ ಕೊಟ್ಟರು, ಅದು ನ್ಯಾಯ.

ಈಗ ಅವನು ಬಾಟಲಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಹತ್ತುತ್ತಾನೆ. ಆದರೆ ನೀರಿನಿಂದ ಒರೆಸಿದರೆ ಸಾಕ್ಷಿ ಎಲ್ಲಿಯದು? ಮುಂದಿನ ಅಧಿಕಾರಿಯನ್ನು ನಾನು ನಂಬುವುದಿಲ್ಲ. ಒರೆಸಿದ ನಂತರ ದಿನಕ್ಕೊಮ್ಮೆ ಯಂತ್ರದ ಬಳಿ ಉಸಿರು ಬಿಡಲು ಲಿಖಿತ ಅನುಮತಿ ಬೇಕೆಂದು ಮೂರು ಪತ್ರ ಬರೆದೆ. ಅನುಮತಿ ಬಂದಿದೆ. ಮೊಹರು ಇರುವ ಪ್ರತಿ ನನ್ನ ಪೆಟ್ಟಿಗೆಯಲ್ಲಿದೆ.