ಸಿಡಿ ಓದಿಸಲು ಹೋದದ್ದು

ಈಗಿನ ಕಂಪ್ಯೂಟರುಗಳಿಗೆ ಬಾಯಿಯೇ ಇಲ್ಲ. ಮೊದಲಾದರೆ ಒಂದು ಗುಂಡಿ ಒತ್ತಿದರೆ ಸಾಕು, ಡಾಕ್ಟರ ಮುಂದೆ ಕೂತ ಮಗುವಿನ ಹಾಗೆ ನಾಲಗೆ ಚಾಚುತ್ತಿದ್ದವು. ಅದರ ಮೇಲೆ ಸಿಡಿ ಇಟ್ಟರೆ ಒಳಗೆಳೆದುಕೊಂಡು, ಸ್ವಲ್ಪ ಹೊತ್ತು ಗೊರಗೊರ ಅಂದು, ಇದ್ದದ್ದನ್ನು ತೋರಿಸುತ್ತಿದ್ದವು. ಆ ಬಾಯಿ ಯಾವಾಗ ಮುಚ್ಚಿತೋ ನನಗೆ ಗೊತ್ತಾಗಲಿಲ್ಲ. ಗೊತ್ತಾದದ್ದು ಮಂಗಳೂರಿನ ಒಬ್ಬ ಡಾಕ್ಟರ ಕನ್ಸಲ್ಟಿಂಗ್ ರೂಮಿನಲ್ಲಿ, ತಂಗಿ ವತ್ಸಲಳ ಪಕ್ಕ ಕೂತಿದ್ದಾಗ.

ವತ್ಸಲಳ ಕೆಮ್ಮು ನಿಲ್ಲುತ್ತಿರಲಿಲ್ಲ. ಸ್ಕ್ಯಾನ್ ಮಾಡಿಸಿದರೆ ಬಲ ಶ್ವಾಸಕೋಶದಲ್ಲಿ ಒಂದು ಕಲೆ. ಡಾಕ್ಟರು ಚಿಕ್ಕ ಪ್ರಾಯದವರು, ವೆರಿ ಪೊಲೈಟ್. "ಹಳೇ ಸ್ಕ್ಯಾನ್ ಏನಾದ್ರೂ ಉಂಟಾ ಅಮ್ಮ? ಈ ಕಲೆ ಆಗಲೂ ಇದ್ದಿದ್ರೆ ಹಳೇ ಗಾಯದ ಗುರುತು, ಹಾಗೇ ಬಿಡ್ಬಹುದು. ಆಗ ಇರಲಿಲ್ಲ ಅಂತಾದ್ರೆ ಹೊಸತಾಗಿ ಬೆಳೆದದ್ದು. ತುಂಡು ತೆಗೆದು ಪರೀಕ್ಷೆ ಮಾಡ್ಬೇಕಾಗ್ತದೆ."

ಹಳೆಯದು ಇತ್ತು. ಕೆಲವು ವರ್ಷಗಳ ಹಿಂದೆ ನ್ಯುಮೋನಿಯಾ ಬಂದಾಗ ಮಾಡಿಸಿದ್ದು. ಕೊಟ್ಟಿದ್ದ ಸಿಡಿಯನ್ನು ಅವಳು ಮಧೂರಿನ ಮನೆಯಲ್ಲಿ ರೇಷ್ಮೆ ಸೀರೆಗಳ ನಡುವೆ ಜೋಪಾನವಾಗಿಟ್ಟಿದ್ದಳು. ಜಾಣೆಯರಂತೆ ಅದನ್ನು ಜೊತೆಗೇ ತಂದಿದ್ದೆವು. ಮೇಜಿನ ಮೇಲಿಟ್ಟೆವು. ಡಾಕ್ಟರು ತಮ್ಮ ಲ್ಯಾಪ್‌ಟಾಪನ್ನು ಎತ್ತಿ, ಮ್ಯಾಜಿಕ್ಕಿನವನು ಖಾಲಿ ಟೋಪಿ ತೋರಿಸುವಂತೆ ನಾಲ್ಕೂ ಬದಿ ತೋರಿಸಿದರು. ಸಿಡಿ ತೂರಿಸಲು ಎಲ್ಲಿಯೂ ಜಾಗವಿಲ್ಲ. ಪೆನ್‌ಡ್ರೈವಿಗೆ ಹಾಕಿಸಿ ತನ್ನಿ ಎಂದರು. ಹಳೆಯ ಸ್ಕ್ಯಾನ್ ಮಾಡಿದ ಸೆಂಟರ್ ಮುಚ್ಚಿ ಹೋಗಿತ್ತು.

ಹಿಂದಿರುಗುವ ಬಸ್ಸಿನಲ್ಲಿ ಕುಂಬಳೆ ದಾಟುವಾಗ ವತ್ಸಲ ಸಿಡಿಯನ್ನು ಚೀಲದಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ, "ಎಂತ ಅವಸ್ಥೆ ನೋಡು ಅಕ್ಕಾ. ನನ್ನ ಲಂಗ್ಸ್ ನನ್ನ ಮಡಿಲಲ್ಲೇ ಉಂಟು, ನೋಡ್ಲಿಕ್ಕೆ ಆಗುದಿಲ್ಲ" ಎಂದಳು.

ಕಾಸರಗೋಡಿನ ಹಳೆ ಬಸ್‌ಸ್ಟ್ಯಾಂಡಿನ ಹತ್ತಿರ ಹಮೀದನ ವಿಡಿಯೋ ಅಂಗಡಿ. ನಾನು ಇಂಗ್ಲಿಷ್ ಕಲಿಸಿದ ಹುಡುಗ, ಈಗ ಅಜ್ಜ. ಈ ಊರಿನ ಮದುವೆಗಳೆಲ್ಲ ಮೊದಲು ಅವನ ಕ್ಯಾಸೆಟ್ಟಿನಲ್ಲಿ, ಆಮೇಲೆ ವಿಸಿಡಿಯಲ್ಲಿ, ಆಮೇಲೆ ಡಿವಿಡಿಯಲ್ಲಿ ನಡೆದವು. ಅಷ್ಟರಲ್ಲಿ ಒಂದು ಫಾರ್ಮ್ಯಾಟ್ ವಾರ್ ಬಂತು, ಯಾರ ಡಿಸ್ಕು ಉಳಿಯಬೇಕು ಎಂದು ಕಂಪೆನಿಗಳ ಜಗಳ. ನೀಲಿ ಬೆಳಕಿನಿಂದ ಬರೆದು ಓದುವ ಎರಡು ಜಾತಿಯ ಡಿಸ್ಕುಗಳು. ಒಂದು ಬ್ಲೂ-ರೇ, ಇನ್ನೊಂದು ಎಚ್‌ಡಿ ಡಿವಿಡಿ. ನೀಲಿಯೇ ಯಾಕೆ ಎಂದು ನಾನೊಮ್ಮೆ ಕೇಳಿದ್ದೆ. ಹಳೇ ಡಿವಿಡಿಯ ಕೆಂಪು ಬೆಳಕು ದಪ್ಪ ನಿಬ್ಬು, ನೀಲಿ ಬೆಳಕು ಸಪೂರ ನಿಬ್ಬು. ಸಪೂರವಾದಷ್ಟು ಅದೇ ಜಾಗದಲ್ಲಿ ಹೆಚ್ಚು ಬರೆಯಬಹುದು ಎಂದು ಅವನ ಮಗ ವಿವರಿಸಿದ. ನಾನು ಕಲಿತ ಕಾನ್ವೆಂಟಿನ ಮದರ್‌ಗೆ ಸಣ್ಣ ಅಕ್ಷರ ಕಂಡರೆ ಆಗುತ್ತಿರಲಿಲ್ಲ. ಇಷ್ಟು ಒತ್ತೊತ್ತಾಗಿ ಬರೆದರೆ ನಾಳೆ ಯಾರು ಓದಬೇಕು ಎಂದು ಗೆಣ್ಣಿಗೆ ಬಾರಿಸುತ್ತಿದ್ದರು. ಪಾಪ, ಡಿಸ್ಕು ಮಾಡುವ ಯಾವ ಕಂಪೆನಿಯಲ್ಲೂ ಮದರ್ ಇರಲಿಲ್ಲ.

ಹಮೀದ್ ದುಬೈಯ ಭಾವನಿಂದ ಮೊದಲು ಎಚ್‌ಡಿ ಡಿವಿಡಿಯ ಮೆಷಿನ್ ತರಿಸಿದ. ಅದು ಸೋತಿತು. ಹಟದಿಂದ ಬ್ಲೂ-ರೇ ತರಿಸಿದ. ಅದು ಗೆದ್ದಿತು, ಆದರೆ ಅಷ್ಟರಲ್ಲಿ ಮದುವೆಯ ಮನೆಯವರು ಪೆನ್‌ಡ್ರೈವ್ ಹಿಡಿದುಕೊಂಡು ಬರತೊಡಗಿದ್ದರು. "ಸೋತವನ ಪಾರ್ಟಿ ಸೇರಿ ಸೋತೆ ಟೀಚರೇ, ಗೆದ್ದವನ ಪಾರ್ಟಿ ಸೇರಿಯೂ ಸೋತೆ" ಎಂದು ಅವನು ನಗುತ್ತಾನೆ. ಉಳಿದ ಡಿಸ್ಕುಗಳು ಈಗ ಆಟೋರಿಕ್ಷಾಗಳಲ್ಲಿ ತೂಗುತ್ತಿವೆ, ಅಲಸಂಡೆ ಚಪ್ಪರದಲ್ಲಿ ಹಕ್ಕಿ ಓಡಿಸುತ್ತಿವೆ.

ನಮ್ಮ ಕೈಯಲ್ಲಿ ಸಿಡಿ ಕಂಡು ಅವನ ಮುಖ ಅರಳಿತು. "ಎಂತ ಟೀಚರೇ, ಯಾರ ಮದುವೆಯದ್ದು?"

"ಮದುವೆಯದ್ದಲ್ಲ ಮಾರಾಯ. ಇವಳ ಎದೆಯದ್ದು."

ಹಮೀದ್ ಕುರ್ಚಿ ಎಳೆದು ಅವಳನ್ನು ಕೂರಿಸಿದ. ಸಿಡಿಯನ್ನು ಅಂಗಿಯ ತುದಿಯಿಂದ ಒರೆಸಿ, ಬೆಳಕಿಗೆ ಹಿಡಿದ. "ಓದ್ತದಾ ನೋಡುವ. ಇಷ್ಟು ಹಳೇದು ಕೆಲವು ಓದುದಿಲ್ಲ."

"ಓದದಿದ್ರೆ?" ಎಂದು ವತ್ಸಲ ಕೇಳಿದಳು.

"ಓದದಿದ್ರೆ ಎಂತ ಮಾಡ್ಲಿಕ್ಕೂ ಆಗುದಿಲ್ಲ ಅಕ್ಕ."

ಆ ಮಾತಿಗೆ ಅವಳ ಮುಖದಲ್ಲಿ ಒಂದು ಸಮಾಧಾನ ಸುಳಿದದ್ದನ್ನು ನಾನು ನೋಡಿದೆ. ಆಗ ನನಗೆ ಅರ್ಥವಾಯಿತು: ನಾನು ಆ ಸಿಡಿ ಬದುಕಿರಲಿ ಎಂದು ದೇವರನ್ನು ಬೇಡುತ್ತಿದ್ದರೆ, ಅವಳು ಸತ್ತಿರಲಿ ಎಂದು ಬೇಡುತ್ತಿದ್ದಳು. ಅದು ಓದದೆ ಇರುವಷ್ಟು ಕಾಲ ಅವಳ ಕಲೆ ಹಳೆಯದೂ ಆಗಿರಬಹುದಿತ್ತು.

ಸಿಡಿ ಓದಿತು. ಮದುಮಕ್ಕಳು ಮಿಂಚುವ ಆ ಪರದೆಯ ಮೇಲೆ ವತ್ಸಲಳ ಎದೆ ಸೌತೆಕಾಯಿ ಹೋಳುಗಳಂತೆ ಒಂದೊಂದಾಗಿ ಬಂತು. ಮೂವರೂ ಕಣ್ಣು ಕಿರಿದು ಮಾಡಿ ನೋಡಿದೆವು. ಕಪ್ಪು ಯಾವುದು, ಬಿಳಿ ಯಾವುದು, ಯಾರಿಗೂ ತಿಳಿಯಲಿಲ್ಲ. ಹಮೀದ್ ಪೆನ್‌ಡ್ರೈವಿಗೆ ಹಾಕಿಕೊಟ್ಟ. ವತ್ಸಲ ಪರ್ಸ್ ತೆಗೆದರೆ, "ಬೇಡ ಅಕ್ಕ, ಇದಕ್ಕೆಲ್ಲ ನಾನು ತೆಕ್ಕೊಳ್ಳುದಿಲ್ಲ" ಎಂದ.

ಮತ್ತೆ ಮಂಗಳೂರಿಗೆ ಹೋದಾಗ ಡಾಕ್ಟರು ಎರಡು ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟು ತುಂಬ ಹೊತ್ತು ನೋಡಿದರು. "ಆಗ ಇರಲಿಲ್ಲ ಅಮ್ಮ" ಎಂದರು. ಹಳೆಯ ಶ್ವಾಸಕೋಶದ ಆ ಜಾಗ ತೊಳೆದಿಟ್ಟ ಹಾಗಿತ್ತು.

ವತ್ಸಲ ಸೆರಗು ಸರಿಮಾಡಿಕೊಂಡು ಕೇಳಿದಳು, "ಡಾಕ್ಟ್ರೇ, ಆ ಹಳೇದರದ್ದು ಒಂದು ಫಿಲ್ಮ್ ತೆಗೆದು ಕೊಡ್ಲಿಕ್ಕೆ ಆಗ್ತದಾ? ಹೊಸತು ಬೇಡ."

ಈಗ ಆ ಫಿಲ್ಮ್ ಅವಳ ಮಲಗುವ ಕೋಣೆಯಲ್ಲಿದೆ. ಕೀಮೋ ಮದ್ದು ಕೊಟ್ಟ ದಿನಗಳಲ್ಲಿ ಅವಳಿಗೆ ಏಳಲು ಆಗುವುದಿಲ್ಲ. ನಾನೇ ಅದನ್ನು ಕಿಟಕಿಗೆ ಎತ್ತಿ ಹಿಡಿಯುತ್ತೇನೆ. "ಸ್ವಲ್ಪ ಮೇಲೆ ಹಿಡಿ ಅಕ್ಕಾ" ಎನ್ನುತ್ತಾಳೆ. ಪ್ರಾಯದಲ್ಲಿ ತೆಗೆಸಿದ ತನ್ನ ಫೋಟೋ ನೋಡುವವಳಂತೆ ನೋಡುತ್ತಾಳೆ. ಮೆಷಿನ್ ಬೇಡ, ಕರೆಂಟ್ ಬೇಡ. ಬೆಳಗಾಗಿದ್ದರೆ ಸಾಕು.