ಎಂಜಿನ್ನಿಗೆ ಇಟ್ಟ ಎಡೆ

ಗ್ಯಾರೇಜಿನವನು ಬಾನೆಟ್ ಮುಚ್ಚಿ ಕೈ ಒರೆಸಿಕೊಳ್ಳುತ್ತಾ, "ಗಾಡಿಗೆ ವಯಸ್ಸಾಯಿತು ಬೆಹನ್, ಇನ್ನು ಎಷ್ಟು ಅಂತ ರಿಪೇರಿ ಮಾಡಿಸುತ್ತೀರಿ" ಎಂದು ಹಿಂದಿಯಲ್ಲಿ ಹೇಳಿದ. ನನಗೆ ಪಿತ್ತ ನೆತ್ತಿಗೇರಿತು. ವಯಸ್ಸು ಎನ್ನುವುದು ಕಾಯಿಲೆಯ ಹೆಸರಲ್ಲ. ಕಾಯಿಲೆ ಏನೆಂದು ತಿಳಿಯದ ವೈದ್ಯರೂ ಗ್ಯಾರೇಜಿನವರೂ ಹೇಳುವ ಮಾತು ಅದು.

ಕಾರಿನ ಕಾಯಿಲೆ ಹೀಗಿತ್ತು. ಬೆಳಿಗ್ಗೆ ಚೆನ್ನಾಗಿ ಹೊರಡುತ್ತಿತ್ತು. ಎಂಜಿನ್ ಬಿಸಿಯಾದ ಮೇಲೆ, ಯಾವುದಾದರೂ ಸಿಗ್ನಲ್ಲಿನಲ್ಲಿ ಒಮ್ಮೆ ನಡುಗಿ ನಿಂತುಬಿಡುತ್ತಿತ್ತು. ಎದುರಿನ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ನಿನ ಹಳದಿ ದೀಪ ಹೊತ್ತಿಕೊಳ್ಳುತ್ತಿತ್ತು. ಸೂರತ್‌ನಲ್ಲಿರುವ ನಾದಿನಿಯ ಮನೆಯಿಂದ ಬರುವಾಗ ಹೆದ್ದಾರಿಯಲ್ಲೇ ನಿಂತಿತು. ಆಮೇಲೆ ಅಲ್ಕಾಪುರಿಯ ರೈಲ್ವೆ ಕೆಳಸೇತುವೆಯ ಬಾಯಲ್ಲಿ ನಿಂತು, ಅರ್ಧ ವಡೋದರದಿಂದ ಹಾರ್ನ್ ಹೊಡೆಸಿಕೊಂಡಿತು. ಗ್ಯಾರೇಜಿನವನು ಎಂಜಿನ್ನಿನ ತಿರುಗಾಟವನ್ನು ಗಮನಿಸುವ ಸೆನ್ಸರ್ ಹೋಗಿದೆ ಎಂದು ಹೊಸದನ್ನು ಹಾಕಿದ್ದ. ಕೆಲವು ದಿನ ಸುಮ್ಮನಿದ್ದ ದೀಪ ಮತ್ತೆ ಬಂದಿತ್ತು.

ಊರಿನ ಗೋರ್ವಾ ಬಡಾವಣೆಯ ಒಂದು ಕಾರ್ಖಾನೆಯಲ್ಲಿ ನನ್ನ ಕೆಲಸವೇ ಕಂಟ್ರೋಲ್ ಪ್ಯಾನೆಲ್ಲುಗಳ ತಂತಿ ಪರೀಕ್ಷೆ. ಅಲ್ಲಿ ಕಲಿತ ಬುದ್ಧಿ ಒಂದೇ: ಬಿಡಿಭಾಗವನ್ನು ಬೈಯುವ ಮೊದಲು ಅದರ ತಂತಿಯನ್ನು ವಿಚಾರಿಸಬೇಕು. ಮನುಷ್ಯರಿಗೂ ಇದನ್ನು ಅನ್ವಯಿಸಬಹುದು ಎಂದು ನಾನು ಆಗಾಗ ಭಾಷಣ ಬಿಗಿಯುತ್ತೇನೆ, ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ನನ್ನ ಗಂಡನಿಗೆ ಮಾತ್ರ ಗ್ಯಾರೇಜಿನವನ ಮಾತು ವೇದವಾಕ್ಯವಾಯಿತು. ಬ್ಯಾಂಕಿನ ಮನುಷ್ಯ, ಹಳೆಯದನ್ನು ಕೊಟ್ಟು ಹೊಸದನ್ನು ತರುವುದರಲ್ಲಿ ಅವರಿಗೆ ಮೊದಲಿನಿಂದಲೂ ಒಂದು ಹುರುಪು.

"ಪಾಪ, ಸಾಕಷ್ಟು ದುಡದೈತಿ. ಇನ್ನ ಬಿಟ್ಟುಬಿಡು. ರವಿವಾರ ಸಂಜೀಕ ಎಕ್ಸ್‌ಚೇಂಜ್‌ನಾಂವ ನೋಡಾಕ ಬರ್ತಾನ" ಎಂದರು.

"ಬರ್ಲಿ ಬಿಡ್ರಿ, ಚಾ ಕುಡದು ಹೋಗ್ಲಿ" ಎಂದೆ.

ಕಾರು ಯಾಕೆ ಬೇಕು ಎಂದು ಅವರು ಕೇಳಿದಾಗ ಮೈಲೇಜು, ಗಟ್ಟಿ ತಗಡು ಎಂದೆಲ್ಲ ಏನೇನೋ ಹೇಳಿದೆ. ನಿಜವಾದ ಕಾರಣ ಬೇರೆ ಇತ್ತು. ಆ ಕಾರಿನಲ್ಲಿ ಕೂತರೆ ಕನ್ನಡವನ್ನೇ ಆಡಬೇಕು ಎನ್ನುವುದು ನಮ್ಮ ಮನೆಯ ಕಟ್ಟಳೆ. ಹುಬ್ಬಳ್ಳಿಯಿಂದ ವರ್ಗವಾಗಿ ಬಂದಾಗ ಮಗಳಿನ್ನೂ ಬಾಲವಾಡಿಯ ಕೂಸು. ಒಂದು ಮಳೆಗಾಲ ಕಳೆಯುವುದರೊಳಗೆ ಗುಜರಾತಿಯಲ್ಲಿ ಜಗಳವಾಡಲು, ಹಿಂದಿಯಲ್ಲಿ ಅಳಲು ಕಲಿತಳು. ಆಗ ಮಾಡಿದ ಕಟ್ಟಳೆ ಇದು. ಕಾರಿನಲ್ಲಿ ಬೇರೆ ಭಾಷೆ ಬಾಯಿಗೆ ಬಂದರೆ, ತಪ್ಪಿದವರು ಇಳಿದು ಹೋಗಿ ಸಾಲಿನಲ್ಲಿ ನಿಂತು ಎಲ್ಲರಿಗೂ ಇಲ್ಲಿನ ಬೀದಿ ತಿಂಡಿ ಸೇವ್ ಉಸಳ್ ತರಬೇಕು. ಹೆಚ್ಚು ಸಲ ನಿಂತವರು ನನ್ನ ಗಂಡ.

ಈಗ ಮಗಳು ಕಾಲೇಜಿಗೆ ಹೋಗುತ್ತಾಳೆ. ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಉತ್ತರ ಎಸೆದು ಕೋಣೆಗೆ ಹೋಗುತ್ತಾಳೆ. ಕಾರಿನ ಬಾಗಿಲು ಹಾಕಿದ ಕೂಡಲೇ ಕನ್ನಡ ಶುರು. ತಡವರಿಸುವ, ಕ್ರಿಯಾಪದ ಕುಂಟುವ ಕನ್ನಡ. ಆದರೆ ಯಾವ ಗೆಳತಿ ಮುನಿಸಿಕೊಂಡಳು, ಯಾವ ಪರೀಕ್ಷೆ ಕೈಕೊಟ್ಟಿತು, ಎಲ್ಲವೂ ಅದರಲ್ಲೇ ಬರುತ್ತಿತ್ತು. ಸುಳ್ಳು ಹೇಳುವಷ್ಟು ಕನ್ನಡ ಅವಳಿಗೆ ಬರುತ್ತಿರಲಿಲ್ಲ. ಹೊಸ ಕಾರಿನಲ್ಲೂ ಅದೇ ಕಟ್ಟಳೆ ಇಡಬಹುದಲ್ಲ ಎಂದರೆ, ಕಟ್ಟಳೆಗೆ ಒಪ್ಪಿದ್ದು ಬಾಲವಾಡಿಯ ಕೂಸು. ಬೆಳೆದ ಹುಡುಗಿ ಹೊಸ ಕಾರಿನಲ್ಲಿ ಹೊಸದಾಗಿ ಒಪ್ಪುತ್ತಾಳೆಯೇ? ಕೇಳುವ ಧೈರ್ಯವೂ ನನಗಿರಲಿಲ್ಲ. ಕಾರು ಹೋದರೆ ಮಗಳ ಮಾತೇ ಹೋಗುತ್ತದೆ ಎಂಬ ದಿಗಿಲು ನನ್ನನ್ನು ಹಿಡಿದುಕೊಂಡಿತ್ತು.

ಹಾಗಾಗಿ ರವಿವಾರ ಬೆಳಿಗ್ಗೆ ತಿಂಡಿಯಾದ ಕೂಡಲೇ ಟೆಸ್ಟರು, ಟೇಪು, ಬೆಸುಗೆಯ ಸಾಮಾನು ಹಿಡಿದು ಕಂಪೌಂಡಿಗೆ ಇಳಿದೆ. ಮಗಳನ್ನು ಎಳೆದುಕೊಂಡು ಹೋದೆ. ಅವಳ ಬೆರಳು ಸಣ್ಣ, ನನ್ನವು ಹೋಗದ ಸಂದಿಗೂ ಹೋಗುತ್ತವೆ. ಮೊದಲು ಬ್ಯಾಟರಿಯ ಒಂದು ತಂತಿ ಕಳಚಿದೆ. ಮಗಳು ಬಗ್ಗಿ ನೋಡುತ್ತಾ ನಿಂತವಳು ಕೇಳಿದಳು:

"ಅಮ್ಮಾ, ಬಾನೆಟ್ ಒಳಗ ತಲಿ ಹಾಕಿದ್ರ ಕಾರ್ ಒಳಗ ಇದ್ದಂಗ ಏನು?"

"ತಲಿ ಎಲ್ಲಿ ಐತೋ ಬಾಯಿನೂ ಅಲ್ಲೇ ಐತಿ. ಹಂಗಾರ ಒಳಗನ" ಎಂದು ತೀರ್ಪು ಕೊಟ್ಟೆ.

ಸೆನ್ಸರಿನಿಂದ ಮೂರು ತಂತಿಗಳು ಹೊರಟು, ಒಂದು ಕಪ್ಪು ಪ್ಲಾಸ್ಟಿಕ್ ಕೊಳವೆಯೊಳಗೆ ಸೇರಿ, ಎಂಜಿನ್ನಿನ ಹಿಂಬದಿಯಿಂದ ಸುತ್ತಿ ಕಾರಿನ ಕಂಪ್ಯೂಟರ್ ಪೆಟ್ಟಿಗೆಗೆ ಹೋಗುತ್ತವೆ. ಎರಡೂ ತುದಿಯ ಪ್ಲಗ್ ಬಿಚ್ಚಿಸಿ, ಮಗಳ ಕೈಗೆ ಟೆಸ್ಟರಿನ ಒಂದು ಮೊನೆ ಕೊಟ್ಟೆ, ಇನ್ನೊಂದನ್ನು ನಾನು ಹಿಡಿದೆ. ತಂತಿ ನೆಟ್ಟಗಿದ್ದರೆ ಟೆಸ್ಟರ್ ಕೂಗುತ್ತದೆ. ಮೂರೂ ತಂತಿಗಳಲ್ಲಿ ಕೂಗಿತು.

"ಎಲ್ಲಾ ಸರಿ ಐತಿ ಅಮ್ಮಾ" ಎಂದು ಮಗಳು ಮುಖ ಬಾಡಿಸಿದಳು.

"ಸುಮ್ನ ಕುಂತಾಗ ಎಲ್ಲಾರೂ ಸರಿನ ಇರ್ತಾರ. ಈಗ ಅಲುಗಾಡಿಸು ನೋಡೂಣು" ಎಂದೆ.

ಅವಳು ಕೊಳವೆಯನ್ನು ಹಿಡಿದು ಮೆಲ್ಲಗೆ ಅಲುಗಿಸುತ್ತಾ ಹೋದಳು. ಸೆನ್ಸರಿನ ಹತ್ತಿರ ಕೂಗು ನಿಲ್ಲಲಿಲ್ಲ. ತಿರುವಿನಲ್ಲೂ ನಿಲ್ಲಲಿಲ್ಲ. ಬ್ಯಾಟರಿಯ ತಟ್ಟೆಯ ಕೆಳಗೆ ಬಂದಾಗ ಕೂಗು ಕತ್ತರಿಸಿತು, ಮತ್ತೆ ಬಂತು, ಮತ್ತೆ ಹೋಯಿತು. ನನಗಾದ ಖುಷಿ ಅಷ್ಟಿಷ್ಟಲ್ಲ. ಬ್ಯಾಟರಿಯನ್ನು ಎತ್ತಿ ಬದಿಗಿಟ್ಟೆವು.

ಕೊಳವೆಗೆ ತೂತು ಬಿದ್ದಿತ್ತು. ಒಳಗೆ ಎರಡು ತಂತಿಗಳ ಮೈ ಸುಲಿದಿತ್ತು, ಒಂದು ಒಂದೇ ಎಳೆಯ ಮೇಲೆ ಜೀವ ಹಿಡಿದುಕೊಂಡಿತ್ತು. ಹಲ್ಲಿನ ಗುರುತು ನಿಚ್ಚಳವಾಗಿ ಕಾಣುತ್ತಿತ್ತು. "ಇಲಿ ಕಡದಾವ" ಎಂದೆ. ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದ ನನ್ನ ಗಂಡ, ಇಲಿ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಎದ್ದು ಬಂದರು.

"ನಾ ಸೊಸೈಟಿ ಮೀಟಿಂಗಿನಾಗ ಹೇಳೇ ಹೇಳೀನಿ! ಮ್ಯಾಲಿನ ಮನ್ಯಾವ್ರು ಥೇಪ್ಲಾ ರೊಟ್ಟಿ ತಿಂದು ತುಣುಕು ಕೆಳಗ ಒಗೀತಾರ. ಅದಕ್ಕ ಇಲಿ ಬರ್ತಾವ. ಈ ಮಂದಿಗೆ ಶಿಸ್ತು ಅನ್ನೂದ ಇಲ್ಲ."

ಅವರ ಭಾಷಣ ಇನ್ನೂ ಮುಗಿದಿರಲಿಲ್ಲ. ಮಗಳು ತಟ್ಟೆಯ ಮೂಲೆಗೆ ಬೆರಳು ಹಾಕಿ, ತೆಂಗಿನ ನಾರಿನ ಒಂದು ಸಣ್ಣ ಗೂಡನ್ನು ಹೊರಗೆಳೆದಳು. ಅದರಿಂದ ಚುರುಮುರಿ ಉದುರಿತು. ಕುಂಕುಮ ಹತ್ತಿ ಕೆಂಪಾದ ಚುರುಮುರಿ. ಜೊತೆಗೆ ಅರ್ಧ ಕಡಿದ ಪುಟಾಣಿ, ಅಂದರೆ ಹುರಿಗಡಲೆ.

"ಅಪ್ಪಾ, ಇದು ಥೇಪ್ಲಾ ಅಲ್ಲ" ಎಂದಳು.

ಗುಜರಾತಿನವರು ಕಾರಿನ ಪೂಜೆ ಮಾಡುವಾಗ ಹೂವಿನ ಹಾರ ಹಾಕಿ, ಮುಂದೆ ತೆಂಗಿನಕಾಯಿ ಒಡೆಯುತ್ತಾರೆ. ನನ್ನ ಗಂಡ ಹಾಗಲ್ಲ. ಖಂಡೇನವಮಿಯ, ಅಂದರೆ ಆಯುಧಪೂಜೆಯ ದಿನ ಪೂಜೆ ಸಲ್ಲಬೇಕಾದದ್ದು ಹೊರಗಿನ ತಗಡಿಗಲ್ಲ, ದುಡಿಯುವ ಎಂಜಿನ್ನಿಗೆ ಎನ್ನುವುದು ಅವರ ಸಿದ್ಧಾಂತ. ಅದಕ್ಕೇ ಬಾನೆಟ್ ತೆರೆದು, ಎಂಜಿನ್ನಿಗೆ ಅರಿಸಿನ ಕುಂಕುಮ ಹಚ್ಚಿ, ಬ್ಯಾಟರಿಯ ಪಕ್ಕದಲ್ಲಿ ಎಲೆ ಹಾಕಿ, ಚುರುಮುರಿ, ಪುಟಾಣಿ, ಬೆಲ್ಲದ ಎಡೆ ಇಟ್ಟಿದ್ದರು. ದೇವರ ಎಡೆಯನ್ನು ಕೂಡಲೇ ತೆಗೆಯಬಾರದು ಎಂದು ಬಾನೆಟ್ ಮುಚ್ಚಿ, ಹಬ್ಬದ ರಜೆ ಮುಗಿಯುವವರೆಗೆ ಕಾರನ್ನು ಮುಟ್ಟಿರಲಿಲ್ಲ. ಇಲಿಗಳಿಗೆ ಇಂಥ ದಸರಾ ಎಂದೂ ಸಿಕ್ಕಿರಲಾರದು. ಎಡೆ ತಿಂದು ಅಲ್ಲೇ ಮನೆ ಹೂಡಿ, ಊಟದ ಮೇಲೆ ತಂತಿ ಜಗಿದಿದ್ದವು.

ನಾನೂ ಮಗಳೂ ನಕ್ಕು ನಕ್ಕು ಸುಸ್ತಾದೆವು. ಗಂಡ ಪುಟಾಣಿಯನ್ನು ಒಮ್ಮೆ ನೋಡಿ, "ಗಣಪತಿ ವಾಹನ ಅದು, ಬೈಬಾರ್ದು" ಎಂದು ಕುರ್ಚಿಗೆ ಮರಳಿದರು. ಆಮೇಲೆ ಅವರ ಪೇಪರೂ ಅಲುಗಾಡುತ್ತಿತ್ತು.

ಕೆಳಗಿನ ಮನೆಯವರ ಕಿಟಕಿಯಿಂದ ಕರೆಂಟು ಎಳೆದು ಬೆಸುಗೆ ಕೋಲು ಕಾಯಿಸಿದೆ. ಹಸಿರುಗಟ್ಟಿದ ತಾಮ್ರವನ್ನು ಕತ್ತರಿಸಿ, ಸ್ವಚ್ಛವಾದ ಜಾಗದಲ್ಲಿ ಅದೇ ದಪ್ಪದ ತುಂಡು ತಂತಿ ಸೇರಿಸಿ, ಒಂದೊಂದಾಗಿ ಬೆಸೆದೆ. ಎರಡು ಬೆಸುಗೆಗಳು ಅಕ್ಕಪಕ್ಕ ಬರದಂತೆ ಹಿಂದೆ ಮುಂದೆ ಇಟ್ಟೆ. ಬಿಸಿ ತಗುಲಿದರೆ ಬಿಗಿಯುವ ಸ್ಲೀವ್ ಏರಿಸಿದ್ದು ಮಗಳು. ಹೊಸ ಕೊಳವೆ ಹಾಕಿ, ಟೇಪು ಸುತ್ತಿ, ಬ್ಯಾಟರಿ ಕೂರಿಸಿದೆವು. ಅವಳು ಮತ್ತೆ ಅಲುಗಾಡಿಸಿದಳು, ಟೆಸ್ಟರ್ ಒಂದೇ ಸಮನೆ ಕೂಗಿತು.

ಮೂವರೂ ಕೂತು ಅಲ್ಕಾಪುರಿಯ ಕೆಳಸೇತುವೆಯನ್ನೇ ಹುಡುಕಿಕೊಂಡು ಹೋದೆವು. ಎಂಜಿನ್ ಚೆನ್ನಾಗಿ ಕಾದಿತ್ತು, ಜಾಮ್‌ನಲ್ಲಿ ಸಿಕ್ಕಿಕೊಂಡೆವು, ಕಾರು ನಡುಗಲಿಲ್ಲ, ದೀಪ ಬರಲಿಲ್ಲ. ನಾನು ಗೆದ್ದ ಹಮ್ಮಿನಲ್ಲಿ ವಾಪಸು ಬಂದರೆ, ಗೇಟಿನ ಹತ್ತಿರ ಎಕ್ಸ್‌ಚೇಂಜಿನವನು ಆಗಲೇ ಬಂದು ನಿಂತಿದ್ದ.

"ಬೇಷ್ ಆತು. ರಿಪೇರಿ ಆಗಿದ್ದಕ್ಕ ಇನ್ನೂ ಚೊಲೊ ಬೆಲಿ ಬರತೈತಿ" ಎಂದು ಗಂಡ ಉತ್ಸಾಹದಿಂದ ಇಳಿದರು.

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಬೆಳಗಿನಿಂದ ಬಗ್ಗಿ ದುಡಿದು, ಮಾರಾಟಕ್ಕೆ ಸಿಂಗಾರ ಮಾಡಿಕೊಟ್ಟಿದ್ದೆ. ಬಂದವನು ಬಾಗಿಲು ತೆಗೆದು, ಟೈರು ಒತ್ತಿ, ಎಂಜಿನ್ನಿನ ಸದ್ದು ಕೇಳಿ, ತಲೆಯಾಡಿಸಿದ. ಮೆಚ್ಚಿದ್ದಾನೆ ಎಂದು ಗೊತ್ತಾಯಿತು. ಮೈಲೇಜು ಎನ್ನಲೇ, ತಗಡು ಎನ್ನಲೇ? ಈ ಹೊತ್ತಿನಲ್ಲಿ ನಿಜ ಹೇಳಿದರೆ ಹುಡುಗಾಟ ಎನ್ನಿಸುತ್ತಿತ್ತು.

ಮಗಳು ಕಾರಿನಿಂದ ಇಳಿದು ಅಪ್ಪನ ಎದುರು ಬಂದಳು. ಕೈಗೆಲ್ಲ ಮಸಿ.

"ಅಪ್ಪಾ, ಕೊಡಬ್ಯಾಡ."

"ಯಾಕ ಪುಟ್ಟಾ? ಹೊಸಾದು ಬರತೈತಲಾ?"

"ಇದರಾಗ ಕುಂತಾಗ ನೀವಿಬ್ರೂ ನನ್ನ ಮಾತು ಪೂರಾ ಕೇಳ್ತೀರಿ. ನಂಗ ಶಬ್ದ ಸಿಗೂತನಕ ಕಾಯ್ತೀರಿ. ಮನ್ಯಾಗ ಯಾರೂ ಕಾಯಂಗಿಲ್ಲ."

ಇಷ್ಟು ವರ್ಷ ಆ ಕಟ್ಟಳೆ ಕನ್ನಡಕ್ಕಾಗಿ ಎಂದುಕೊಂಡಿದ್ದೆ. ಅವಳು ಅದನ್ನು ಪಾಲಿಸಿದ್ದು ಬೇರೆಯದಕ್ಕಾಗಿ. ಗಂಡ ಕೀಲಿಯನ್ನು ಕೊಡದೆ ಮುಷ್ಟಿಯಲ್ಲೇ ಇಟ್ಟುಕೊಂಡರು. ಎಕ್ಸ್‌ಚೇಂಜಿನವನಿಗೆ ಒಂದು ಅಕ್ಷರವೂ ತಿಳಿಯಲಿಲ್ಲ, ಕೀಲಿಗಾಗಿ ಕೈ ಚಾಚಿದವನು ನಮ್ಮ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡ.

ಮಗಳಿಗೆ ಇನ್ನೂ ಏನೋ ಹೇಳುವುದಿತ್ತು. "ಮತ್ತ..." ಎಂದಳು. ಶಬ್ದ ಸಿಗಲಿಲ್ಲ. ಹುಬ್ಬು ಗಂಟಿಕ್ಕಿ ಹುಡುಕತೊಡಗಿದಳು. ನಾವಿಬ್ಬರೂ ಕಂಪೌಂಡಿನ ಇಳಿಬಿಸಿಲಿನಲ್ಲಿ ನಿಂತು ಕಾಯ್ದೆವು.